ಮುಂದಿನ ಸಾಲಿನ ಹುಡುಗಿಯರು

ಆ ವಿಶ್ವವಿದ್ಯಾಲಯಕ್ಕೆ ಇದ್ದಕ್ಕಿದ್ದಂತೆ ಜಗತ್ತಿನ ಹುಚ್ಚು ಹಿಡಿಯಿತು. ಅಲ್ಲಿಯವರೆಗೆ ಅದು ತನ್ನ ಪಾಡಿಗೆ ತಾನು ಪಾಠ ಹೇಳಿಕೊಂಡು, ಪರೀಕ್ಷೆ ಮುಂದೂಡಿಕೊಂಡು, ಸೋರುವ ಛಾವಣಿಯ ಕೆಳಗೆ ಬಕೆಟ್ ಇಟ್ಟುಕೊಂಡು ನೆಮ್ಮದಿಯಾಗಿಯೇ ಇತ್ತು. ಯಾರೋ ಮೇಲಿನವರು ಬಂದು, ಈಗಿನ ಕಾಲದಲ್ಲಿ ವಿಶ್ವವಿದ್ಯಾಲಯ ಅಂದಮೇಲೆ ಹೊರದೇಶದ ಮಕ್ಕಳು ಇರಬೇಕು, ಅವರಿದ್ದರೆ ಅಂಕ, ಅಂಕ ಇದ್ದರೆ ಹೆಸರು ಅಂತ ಕಿವಿಯಲ್ಲಿ ಊದಿ ಹೋದರು. ಅಷ್ಟೇ. ಛಾವಣಿ ಸೋರುವುದು ಸೋರುತ್ತಲೇ ಇತ್ತು, ಗೇಟಿನ ಮೇಲೆ ಮಾತ್ರ ಭೂಗೋಳದ ಚಿತ್ರ ಬಂತು. ಹಳೇ ಸೈಕಲ್ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಗಾಜಿನ ಬಾಗಿಲಿನ ಆಫೀಸು ಎದ್ದಿತು. ಅದಕ್ಕೊಬ್ಬ ಡೈರೆಕ್ಟರ್ ಬಂದರು. ಎಂಥ ಸೆಕೆಯಲ್ಲೂ ಕೋಟು ಬಿಚ್ಚದ ಆ ಮನುಷ್ಯನನ್ನು ಹಾಸ್ಟೆಲಿನ ಹುಡುಗಿಯರು ಬೆನ್ನ ಹಿಂದೆ ಕೋಟು ಸಾಹೇಬರು ಅಂತ ಕರೆಯುತ್ತಿದ್ದರು.

ಹೊರದೇಶದ ಮಕ್ಕಳು ಬಂದರಾ ಅಂದರೆ, ಬಂದರು, ಕೈಬೆರಳಲ್ಲಿ ಎಣಿಸುವಷ್ಟು. ಸಿರಿವಂತ ದೇಶದವರು ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಕೋಟು ಸಾಹೇಬರು ನಮ್ಮ ದೇಶಕ್ಕಿಂತ ಬಡ ದೇಶಗಳನ್ನು ಹುಡುಕಿಕೊಂಡು ಹೋಗಿ, ಅಲ್ಲಿನ ಸಣ್ಣ ಊರುಗಳ ಶಾಲೆಗಳಲ್ಲಿ ಬಣ್ಣದ ಪುಸ್ತಕ ಹಂಚಿ, ಫೀಸಿಲ್ಲ, ಊಟ ವಸತಿ ನಮ್ಮದೇ ಅಂತ ಹೇಳಿ ಕರೆತಂದ ಮಕ್ಕಳಿವರು. ಬಣ್ಣದ ಪುಸ್ತಕದಲ್ಲಿದ್ದ ಈಜುಕೊಳ ಎಲ್ಲಿ ಅಂತ ಅವರಲ್ಲಿ ಒಬ್ಬಳು ಬಂದ ಹೊಸತರಲ್ಲಿ ಕೇಳಿದ್ದಳು. ಅದು ಇನ್ನು ಮೇಲೆ ಆಗಬೇಕಷ್ಟೇ ಅಂತ ಹೇಳಿ ಎಲ್ಲರೂ ನಕ್ಕಿದ್ದರು.

ನೋಡಿ ಅಂಕ ಹಾಕಿ ಹೆಸರು ಕೊಡುವ ತಂಡಗಳು ಒಂದಾದ ಮೇಲೊಂದು ಬರತೊಡಗಿದವು. ಬಂದವರ ಕಣ್ಣಿಗೆ ಹೊರದೇಶದ ಮಕ್ಕಳು ಎಲ್ಲೆಲ್ಲೂ ಬೀಳಬೇಕು. ಇರುವವರು ಇಷ್ಟೇ. ಹಾಗಾಗಿ ಕೋಟು ಸಾಹೇಬರು ತಲೆ ಓಡಿಸಿ ಒಂದು ಪದ್ಧತಿ ಮಾಡಿದರು. ಮೊದಲು ದೊಡ್ಡ ಸಭಾಂಗಣದಲ್ಲಿ ಸ್ವಾಗತ. ಆ ಮಕ್ಕಳೆಲ್ಲ ಅವರವರ ದೇಶದ ಉಡುಪು ತೊಟ್ಟು ಮುಂದಿನ ಸಾಲಿನಲ್ಲಿ ಕೂರಬೇಕು. ಭಾಷಣ ಮುಗಿದು ತಂಡದವರು ಚಹಾಕ್ಕೆ ಎದ್ದರೋ, ಇವರು ಹಿಂಬಾಗಿಲಿನಿಂದ ಹೊರಬಿದ್ದು, ಕ್ಯಾಂಟೀನಿನ ಪಾತ್ರೆ ತೊಳೆಯುವ ಕಟ್ಟೆ ದಾಟಿ, ಲೈಬ್ರರಿಯ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ, ಮಾಮೂಲಿ ಬಟ್ಟೆಯಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿರಬೇಕು. ತಂಡದವರು ಲೈಬ್ರರಿಗೆ ಬಂದು ನೋಡಿದರೆ, ಅರೆ, ಇಲ್ಲೂ ಹೊರದೇಶದವರು! ಅಲ್ಲಿಂದ ಅವರು ಮುಂಬಾಗಿಲಿನಲ್ಲಿ ಇಳಿದರೆ ಇವರು ಹಿಂದಿನ ಮೆಟ್ಟಿಲಲ್ಲಿ ಇಳಿದು ಲ್ಯಾಬಿಗೆ ಓಟ. ಮೇಲೊಂದು ಬಿಳಿ ಕೋಟು, ಬಾಯಿಗೆ ಮಾಸ್ಕು. ಬಂದವರಿಗೆ ಇವರ ಮುಖಗಳೆಲ್ಲ ಒಂದೇ ಥರ ಕಾಣುತ್ತವೆ, ಗುರುತು ಸಿಗುವುದಿಲ್ಲ ಅನ್ನುವುದು ಸಾಹೇಬರ ನಂಬಿಕೆ. ಆ ನಂಬಿಕೆ ಒಮ್ಮೆಯೂ ಸುಳ್ಳಾಗಲಿಲ್ಲ ಅನ್ನುವುದೇ ನಾಚಿಕೆಗೇಡು.

ಹುಡುಗಿಯರನ್ನು ಎಬ್ಬಿಸಿ, ತೊಡಿಸಿ, ಹೊತ್ತಿಗೆ ಸರಿಯಾಗಿ ಹೊರಡಿಸುವ ಕೆಲಸ ಹಾಸ್ಟೆಲಿನ ವಾರ್ಡನ್ನಮ್ಮನದು. ದಪ್ಪ ಮೈ, ದೊಡ್ಡ ಗಂಟಲು, ಸಿಟ್ಟು ಬಂದಷ್ಟೇ ಬೇಗ ಇಳಿದುಹೋಗುವ ಹೆಂಗಸು. ಮೊದಮೊದಲು ಅವಳಿಗೂ ಇದು ಮಕ್ಕಳಾಟದಂತೆ ಕಂಡಿತ್ತು. ನಗುತ್ತಲೇ ಮಾಡಿದಳು. ಅಷ್ಟೇ ಅಲ್ಲ, ಬಟ್ಟೆ ಬದಲಾಯಿಸಲು ಹೊತ್ತು ಸಾಲುತ್ತಿಲ್ಲವೆಂದು ಒಳಗೆ ಮಾಮೂಲಿ ಬಟ್ಟೆ, ಅದರ ಮೇಲೆ ದೇಶದ ಉಡುಪು ತೊಡಿಸುವ ಉಪಾಯ ಹೇಳಿಕೊಟ್ಟವಳೂ ಅವಳೇ. ಮೇಲಿನದನ್ನು ಕಳಚಿ ಚೀಲಕ್ಕೆ ತುರುಕಿದರೆ ಮುಗಿಯಿತು. ಕೋಟು ಸಾಹೇಬರು ಮೀಟಿಂಗಿನಲ್ಲಿ ಎಲ್ಲರೆದುರು ಅವಳನ್ನು ಹೊಗಳಿದ್ದರು. ಅವತ್ತು ಮನೆಗೆ ಹೋಗಿ ಗಂಡನ ಹತ್ತಿರ ಅದನ್ನು ಎರಡೆರಡು ಸಲ ಹೇಳಿಕೊಂಡಿದ್ದಳು.

ಹುಡುಗಿಯರ ಹಾಸ್ಟೆಲಿನಲ್ಲಿ ಒಂದೇ ದೇಶದಿಂದ, ಒಂದೇ ಗುಡ್ಡದ ಊರಿನಿಂದ ಬಂದವರು ಇಬ್ಬರಿದ್ದರು. ಅವರ ಹೆಸರು ಇಲ್ಲಿನವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಅಡುಗೆಮನೆಯವರು ಒಬ್ಬಳನ್ನು ದೊಡ್ಡೋಳು, ಇನ್ನೊಬ್ಬಳನ್ನು ಚಿಕ್ಕೋಳು ಅಂದರು. ಅದೇ ನಿಂತುಹೋಯಿತು. ಹಾಜರಿ ಕೂಗುವಾಗಲೂ ಅದೇ, ಮೇಷ್ಟ್ರ ಬಾಯಲ್ಲೂ ಅದೇ. ದೊಡ್ಡೋಳು ಬಂದು ಎರಡು ವರ್ಷವಾಗಿತ್ತು. ಅಡುಗೆಮನೆಯಲ್ಲಿ ಕೂತು ಕೂತು ಇಲ್ಲಿನ ಮಾತನ್ನು ಬೈಗುಳ ಸಮೇತ ಕಲಿತಿದ್ದಳು. ಚಿಕ್ಕೋಳು ಬಂದದ್ದು ಈ ವರ್ಷ. ಮಾತು ಕಮ್ಮಿ. ಆಡಿದರೂ ಪಕ್ಕದವರಿಗೆ ಮಾತ್ರ ಕೇಳುವಷ್ಟು. ಆದರೆ ರೂಮಿನ ಬಾಗಿಲು ಹಾಕಿಕೊಂಡ ಮೇಲೆ ಇಬ್ಬರೂ ತಮ್ಮ ಭಾಷೆಯಲ್ಲಿ ಎಷ್ಟು ಹರಟುತ್ತಿದ್ದರೆಂದರೆ, ವಾರ್ಡನ್ನಮ್ಮ ಎಷ್ಟೋ ಸಲ ಬಾಗಿಲು ಬಡಿದು, ಇನ್ನು ಮಲಗ್ರೇ ಅಂತ ಗದರಬೇಕಾಗುತ್ತಿತ್ತು.

ಚಿಕ್ಕೋಳ ಉಡುಪು ಎಲ್ಲರದಕ್ಕಿಂತ ಚೆಂದ. ದಪ್ಪ ಉಣ್ಣೆಯ ಕೆಂಪು ನಿಲುವಂಗಿ, ಎದೆಯ ತುಂಬ ಹಳದಿ ನೀಲಿ ದಾರದ ಕಸೂತಿ. ಅವರಮ್ಮ ಕೈಯಲ್ಲೇ ಹೊಲಿದದ್ದಂತೆ. ಚಳಿ ದೇಶದ ಬಟ್ಟೆ, ಈ ಊರಿನ ಬಿಸಿಲಿಗೆ ಮೈ ಬೆಂದುಹೋಗುತ್ತದೆ. ಆದರೆ ಫೋಟೋದಲ್ಲಿ ಎದ್ದು ಕಾಣುತ್ತಿತ್ತು. ಹಾಗಾಗಿ ಅವಳನ್ನು ಯಾವಾಗಲೂ ಸಾಲಿನ ನಟ್ಟನಡುವೆ ಕೂರಿಸುತ್ತಿದ್ದರು.

ಆ ದಿನದ ವಿಷಯಕ್ಕೆ ಬರೋಣ. ಅವತ್ತು ಬರಬೇಕಾಗಿದ್ದದ್ದು ಎಲ್ಲಕ್ಕಿಂತ ದೊಡ್ಡ ತಂಡ. ಚಿಕ್ಕೋಳಿಗೆ ಹಿಂದಿನ ಎರಡು ದಿನದಿಂದ ಜ್ವರ. ವಾರ್ಡನ್ನಮ್ಮ ಮಾತ್ರೆ ಕೊಟ್ಟಿದ್ದಳು, ಗಂಜಿ ಮಾಡಿಸಿ ಕಳಿಸಿದ್ದಳು, ಅದನ್ನು ಸುಳ್ಳು ಅನ್ನುವ ಹಾಗಿಲ್ಲ. ಬೆಳಿಗ್ಗೆ ರೂಮಿಗೆ ಹೋಗಿ ನೋಡಿದರೆ ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಕೈ ಮುಟ್ಟಿದರೆ ತಣ್ಣಗಿದೆ, ಹಣೆ ಮುಟ್ಟಿದರೆ ಸುಡುತ್ತಿದೆ. ಕಣ್ಣು ಬಿಟ್ಟು, "ಅಮ್ಮ, ಇವತ್ತು ಆಗಲ್ಲ," ಅಂದಳು. ಅಷ್ಟೇ ಅಂದದ್ದು.

ವಾರ್ಡನ್ನಮ್ಮ ಕೋಟು ಸಾಹೇಬರಿಗೆ ಫೋನು ಮಾಡಿ, ಒಬ್ಬಳಿಗೆ ಮೈ ಸರಿಯಿಲ್ಲ, ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆ ಅಂದಳು. ಯಾರಿಗೆ ಅಂತ ಕೇಳಿದರು. ಕೆಂಪು ಉಡುಪಿನವಳಿಗೆ ಅಂದಳು. ಸಾಹೇಬರು ತುಂಬ ಮೃದುವಾಗಿ, ತಾಯಿ ಥರ ನೋಡಿಕೊಳ್ಳುವವರು ನೀವು, ನಿಮಗೆ ನಾನು ಹೇಳಬೇಕಾ, ಇನ್ನೊಂದು ಮಾತ್ರೆ ಕೊಟ್ಟು ಎಬ್ಬಿಸಿ, ತಂಡ ಹೋದ ಮೇಲೆ ನನ್ನ ಕಾರಿನಲ್ಲೇ ಆಸ್ಪತ್ರೆಗೆ ಕಳಿಸುತ್ತೇನೆ ಅಂದರು. ಗದರಿದ್ದರೆ ಇವಳೂ ತಿರುಗಿ ಗದರುತ್ತಿದ್ದಳೇನೋ. ಹೊಗಳಿಕೆಗೆ ಕರಗಿಬಿಟ್ಟಳು. ಇವತ್ತೊಂದು ದಿನ ತಾನೇ ಅಂದುಕೊಂಡಳು.

ಹುಡುಗಿಯನ್ನು ಎಬ್ಬಿಸಿದಳು. ಎರಡು ಮಾತ್ರೆ ನುಂಗಿಸಿದಳು. ಒಳಗೊಂದು ಬಟ್ಟೆ, ಮೇಲೆ ಆ ಉಣ್ಣೆ. ತಾನೇ ತಲೆ ಬಾಚಿದಳು. ಮುಖ ಬಿಳಿಚಿಕೊಂಡಿದೆ ಅಂತ ತುಟಿಗೆ ಸ್ವಲ್ಪ ಬಣ್ಣ ಹಚ್ಚಿದಳು. ಬೆರಳಲ್ಲಿ ಉಳಿದದ್ದನ್ನು ಕೆನ್ನೆಗೂ ಸವರಿದಳು. ಕನ್ನಡಿ ತೋರಿಸಿ, ನೋಡು ಎಷ್ಟು ಚೆನ್ನಾಗಿ ಕಾಣ್ತೀಯ ಅಂದಾಗ ಚಿಕ್ಕೋಳು ಕನ್ನಡಿ ನೋಡಲಿಲ್ಲ, ಇವಳ ಮುಖ ನೋಡಿದಳು.

ಸಭಾಂಗಣದಲ್ಲಿ ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ಫೋಟೋ ತೆಗೆದರು. ಆಮೇಲೆ ಓಟ. ಪಾತ್ರೆ ತೊಳೆಯುವ ಕಟ್ಟೆ, ಕಬ್ಬಿಣದ ಮೆಟ್ಟಿಲು, ಲೈಬ್ರರಿ. ಮತ್ತೆ ಮೆಟ್ಟಿಲು, ಲ್ಯಾಬು. ಲ್ಯಾಬಿನಲ್ಲಿ ತಂಡದ ಮುಖ್ಯಸ್ಥರು ಒಬ್ಬೊಬ್ಬರ ಹತ್ತಿರವೂ ನಿಂತು, ಹೇಗಿದೆ ಇಲ್ಲಿ, ಖುಷಿಯಾಗಿದ್ದೀರಾ ಅಂತ ವಿಚಾರಿಸಿದರು. ಚಿಕ್ಕೋಳು ಸ್ಟೂಲಿನ ಮೇಲೆ ಕೂತಿದ್ದಳು. ಬಾಯಿಗೆ ಮಾಸ್ಕು ಇತ್ತು. ತಲೆಯಾಡಿಸಿದಳು. ಅವರು ಮುಂದಿನ ಮೇಜಿಗೆ ಹೋದರು, ಇವಳು ಸ್ಟೂಲಿನಿಂದ ಜಾರಿದಳು. ಗಾಜಿನ ಸಾಮಾನು ಒಡೆದ ಸದ್ದಿಗೆ ಮುಖ್ಯಸ್ಥರು ತಿರುಗುವಷ್ಟರಲ್ಲಿ ಕೋಟು ಸಾಹೇಬರು ನಡುವೆ ಅಡ್ಡ ನಿಂತು, ಪಕ್ಕದ ಕೋಣೆಯ ಹೊಸ ಯಂತ್ರ ತೋರಿಸಲು ಕರೆದುಕೊಂಡು ಹೋದರಂತೆ.

ಮಾರನೇ ದಿನ ಸಂಜೆ ಆಸ್ಪತ್ರೆಯಲ್ಲಿ ಚಿಕ್ಕೋಳು ತೀರಿಕೊಂಡಳು. ಸೋಂಕು ರಕ್ತಕ್ಕೆ ಸೇರಿಬಿಟ್ಟಿತ್ತು ಅಂದರು. ಕಾರಿಡಾರಿನಲ್ಲಿ ಡಾಕ್ಟರು ವಾರ್ಡನ್ನಮ್ಮನನ್ನು ಪಕ್ಕಕ್ಕೆ ಕರೆದು, ನಿನ್ನೆ ಬೆಳಿಗ್ಗೆಯೇ ಕರೆತಂದಿದ್ದರೆ ಉಳಿಸಿಕೊಳ್ಳಬಹುದಿತ್ತೇನೋ, ಇಷ್ಟು ಜ್ವರ ಇರುವವಳನ್ನು ಓಡಾಡಿಸಿದವರು ಯಾರು ಅಂತ ಕೇಳಿದರು. ವಾರ್ಡನ್ನಮ್ಮ ಗೋಡೆ ಹಿಡಿದುಕೊಂಡು ಅಲ್ಲೇ ಕೂತಳು. ಓಡಾಡಿಸಿದವಳು ನಾನೇ ಅಂತ ಹೇಳಬೇಕಿತ್ತು. ಡಾಕ್ಟರಿಗೆ ಬೇರೆ ರೋಗಿಗಳಿದ್ದರು, ಹೋದರು.

ಹುಡುಗಿಯ ತಾಯಿ ಬರುವುದಕ್ಕೆ ನಾಲ್ಕಾರು ದಿನ ಹಿಡಿಯಿತು. ಆ ದಿನಗಳಲ್ಲಿ ವಾರ್ಡನ್ನಮ್ಮ ಅನ್ನ ಕಂಡರೆ ಎದ್ದು ಹೋಗುತ್ತಿದ್ದಳು. ಮಲಗಿದರೆ ಬೆರಳ ತುದಿಯಲ್ಲಿ ಆ ತುಟಿಬಣ್ಣ. ಸೋಪು ಹಾಕಿ ಉಜ್ಜಿದರೂ ಇದೆ ಅನ್ನಿಸುತ್ತಿತ್ತು. ಹೇಳಬೇಕು, ಆ ತಾಯಿಯ ಎದುರು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಬೇಕು ಅನ್ನುವುದೊಂದೇ ತಲೆಯಲ್ಲಿ. ಅವಳು ಹೊಡೆಯಲಿ, ಉಗಿಯಲಿ, ಪೊಲೀಸರಿಗೆ ಕೊಡಲಿ. ತನ್ನ ಮಗಳು ಯಾಕೆ ಸತ್ತಳೆಂದು ಹೆತ್ತವಳಿಗಾದರೂ ಗೊತ್ತಿರಬೇಕಲ್ಲ.

ಕೋಟು ಸಾಹೇಬರು ಅವಳನ್ನು ಗಾಜಿನ ಆಫೀಸಿಗೆ ಕರೆಸಿ, ಜ್ವರ ಇದ್ದಕ್ಕಿದ್ದಂತೆ ಏರಿತು, ಮಾಡುವುದೆಲ್ಲ ಮಾಡಿದೆವು, ಇಷ್ಟೇ ನಮ್ಮೆಲ್ಲರ ಮಾತು ಅಂದರು.  ಸಾಹೇಬರು ಮೇಜಿನ ಮೇಲಿನ ಪುಟ್ಟ ಭೂಗೋಳವನ್ನು ಬೆರಳಲ್ಲಿ ತಿರುಗಿಸುತ್ತ, ನಿಮ್ಮ ಕ್ವಾರ್ಟರ್ಸ್ ಚೆನ್ನಾಗಿದೆಯಲ್ಲ, ನೀರಿಗೇನೂ ತೊಂದರೆ ಇಲ್ಲವಲ್ಲ ಅಂತ ವಿಚಾರಿಸಿ ಕಳಿಸಿದರು.

ಅವಳ ಗಂಡ ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ವಿಶ್ವವಿದ್ಯಾಲಯದ ಕಾಗದವೆಲ್ಲ ಅವನ ಯಂತ್ರದಲ್ಲೇ ಹಾದು ಹೋಗಬೇಕು, ಹಾಗಾಗಿ ಯಾರಿಗೆ ಎಷ್ಟು ಕೈ ಉದ್ದ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

"ನೀನು ಹೇಳಿದ್ರೆ ಆ ಹುಡುಗಿ ಎದ್ದು ಬರ್ತಾಳಾ?" ಅಂದ.

"ಎದ್ದು ಬರಲ್ಲ. ನಮ್ಮ ಮಗಳಿಗೇ ಹೀಗಾಗಿದ್ರೆ, ಯಾರ ಕೊರಳಪಟ್ಟಿ ಹಿಡೀಲಿ ಅಂತ ನೀವು ಕೇಳ್ತಿರಲಿಲ್ವಾ ರೀ?"

ಅವರಿಗೊಬ್ಬಳು ಮದುವೆಯಾಗಿ ಹೋದ ಮಗಳಿದ್ದಳು.  ಗಂಡನೇ ಫೋನು ತೆಗೆದು, ಮಾತನ್ನು ಭಾಷೆಯಿಂದ ಭಾಷೆಗೆ ತಿರುಗಿಸುವುದು ಇರುತ್ತದಲ್ಲ, ಅದರಲ್ಲಿ ಆ ಗುಡ್ಡದವರ ಭಾಷೆ ಇದೆಯಾ ಅಂತ ಹುಡುಕಿದ. ನೂರಾರು ಭಾಷೆ ಇದ್ದವು, ಅದೊಂದಿರಲಿಲ್ಲ. ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ಆ ಭಾಷೆ ಬಲ್ಲವಳು ಈಗ ದೊಡ್ಡೋಳೊಬ್ಬಳೇ. ವಾರ್ಡನ್ನಮ್ಮ ಅವಳ ಹತ್ತಿರ ಹೋಗಿ, ನಾನು ಹೇಳಿದ್ದನ್ನ ಹೇಳಿದ ಹಾಗೇ ಅವರಿಗೆ ಹೇಳ್ತೀಯಾ ಮಗಾ ಅಂದಳು. ದೊಡ್ಡೋಳು ಮಂಚದ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತಿದ್ದವಳು, ಹೂಂ ಅಂದಳು. ಎದುರಿನ ಮಂಚದ ಮೇಲಿನ ಹಾಸಿಗೆಯನ್ನು ಇನ್ನೂ ಯಾರೂ ಮಡಿಸಿರಲಿಲ್ಲ.

ತಾಯಿ ಬಂದಳು. ಕುಳ್ಳಗೆ, ಒಣಗಿದ ಹೆಂಗಸು. ಕೈಯಲ್ಲೊಂದು ಬಟ್ಟೆಯ ಚೀಲ. ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದು, ಅದೂ ಇದಕ್ಕಾಗಿ. ಮಗಳ ಶವದ ಪೆಟ್ಟಿಗೆಯನ್ನು ಆಸ್ಪತ್ರೆಯಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಕಳಿಸುವ ಏರ್ಪಾಡಾಗಿತ್ತು. ಸಾಮಾನು ಕಟ್ಟಿಕೊಂಡು ಹೋಗಲಿ ಅಂತ ಹಾಸ್ಟೆಲಿಗೆ ಕರೆತಂದರು. ಹುಡುಗಿಯರ ರೂಮಿಗೆ ಗಂಡಸರು ಬರುವ ಹಾಗಿಲ್ಲವಲ್ಲ, ಕೋಟು ಸಾಹೇಬರು ಕೆಳಗೆ ಸಂದರ್ಶಕರ ಕೋಣೆಯಲ್ಲೇ ಉಳಿದರು. ಮೆಟ್ಟಿಲು ಹತ್ತಿದವರು ಮೂವರೇ: ತಾಯಿ, ದೊಡ್ಡೋಳು, ವಾರ್ಡನ್ನಮ್ಮ.

ರೂಮಿನಲ್ಲಿ ತಾಯಿ ಮೊದಲು ಹಾಸಿಗೆ ಮುಟ್ಟಿದಳು, ಆಮೇಲೆ ಕಿಟಕಿ, ಮೇಜು, ಗೋಡೆಗೆ ಅಂಟಿಸಿದ ಮನೆಯವರ ಫೋಟೋ. ಒಂದು ಹೆಸರನ್ನು ಮೆಲ್ಲಗೆ, ಕರೆಯುವ ಹಾಗೆ, ಎರಡು ಮೂರು ಸಲ ಅಂದಳು. ಅದು ಚಿಕ್ಕೋಳ ಹೆಸರು ಅಂತ ವಾರ್ಡನ್ನಮ್ಮನಿಗೆ ತಡವಾಗಿ ಹೊಳೆಯಿತು. ಇಷ್ಟು ದಿನ ಹಾಜರಿ ಪುಸ್ತಕದಲ್ಲಿ ನೋಡಿದ್ದರೂ ಅದನ್ನು ಹೀಗೆ ಅನ್ನಬೇಕು ಅಂತ ಗೊತ್ತಿರಲಿಲ್ಲ. ಎಷ್ಟು ಸುಲಭದ ಹೆಸರು.

ಕಪಾಟಿನಲ್ಲಿ ಆ ಕೆಂಪು ನಿಲುವಂಗಿ ಇತ್ತು. ವಾರ್ಡನ್ನಮ್ಮ ಅದನ್ನು ಒಗೆದು, ಇಸ್ತ್ರಿ ಹಾಕಿ, ನೀಟಾಗಿ ಮಡಿಸಿಟ್ಟಿದ್ದಳು. ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ತಾಯಿ ಅದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು, ಉಸಿರೆಳೆದಳು, ಆಮೇಲೆ ತೆಗೆದು ಕತ್ತಿನ ಹತ್ತಿರ, ಕಂಕುಳ ಹತ್ತಿರ ಮೂಸಿ ನೋಡಿದಳು. ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಅವಳ ಮುಖ ಕುಸಿಯಿತು. ಅಯ್ಯೋ, ಇದನ್ನೂ ನಾನೇ ತೊಳೆದುಹಾಕಿದೆನಲ್ಲ ಅಂತ ವಾರ್ಡನ್ನಮ್ಮನಿಗೆ ಅನ್ನಿಸಿತು.

ಇನ್ನು ತಡೆಯಲಾಗಲಿಲ್ಲ. ಬಾಗಿಲು ಮುಂದಕ್ಕೆ ತಳ್ಳಿ, ತಾಯಿಯ ಎದುರು ನೆಲದ ಮೇಲೆ ಕೂತಳು.

"ಅವತ್ತು ಬೆಳಿಗ್ಗೆ ನಿಮ್ಮ ಮಗಳು ನನಗೆ ಆಗಲ್ಲ ಅಂದ್ಲು. ಮೈ ಸುಡ್ತಿತ್ತು. ನಾನೇ ಎಬ್ಬಿಸಿದೆ. ಬಂದವರಿಗೆ ತೋರಿಸ್ಬೇಕಿತ್ತು, ಅದಕ್ಕೆ. ಈ ಬಟ್ಟೆ ನಾನೇ ಹಾಕಿದೆ, ತುಟಿಗೆ ಬಣ್ಣ ನಾನೇ ಹಚ್ಚಿದೆ, ಮೂರು ಕಟ್ಟಡ ಓಡಿಸಿದ್ವಿ. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಉಳೀತಿದ್ಲು. ನಾನು ಕರ್ಕೊಂಡು ಹೋಗ್ಲಿಲ್ಲ."

ದೊಡ್ಡೋಳ ಕಡೆ ತಿರುಗಿ, ಹೇಳು ಅಂದಳು. ದೊಡ್ಡೋಳು ಕಿಟಕಿಯ ಹತ್ತಿರ ನಿಂತಿದ್ದಳು. ಗಂಟಲು ಸರಿ ಮಾಡಿಕೊಂಡು ತಮ್ಮ ಭಾಷೆಯಲ್ಲಿ ಶುರು ಮಾಡಿದಳು. ನಿಧಾನವಾಗಿ, ನೆಲ ನೋಡುತ್ತ, ವಾರ್ಡನ್ನಮ್ಮ ಹೇಳಿದ್ದಕ್ಕಿಂತ ಬಹಳ ಹೊತ್ತು ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ತಾಯಿ ನಡುನಡುವೆ ಏನೋ ಕೇಳಿದಳು, ದೊಡ್ಡೋಳು ಉತ್ತರ ಕೊಟ್ಟಳು. ವಾರ್ಡನ್ನಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಏಟು ಈಗ ಬೀಳುತ್ತದೆ, ಈಗ ಬೀಳುತ್ತದೆ ಅಂತ ಕಾದಳು. ಬೀಳಲಿ ಅಂತಲೇ ಕಾದಳು.

ಬಿದ್ದದ್ದು ಕೈ. ಒರಟು ಅಂಗೈಗಳೆರಡು ಅವಳ ಕೈಗಳನ್ನು ಹಿಡಿದವು. ಕಣ್ಣು ಬಿಟ್ಟರೆ ತಾಯಿ ಅವಳೆದುರು ನೆಲಕ್ಕೆ ಇಳಿದು ಕೂತಿದ್ದಾಳೆ. ಇವಳ ಬೆರಳುಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ಮುತ್ತಿಟ್ಟು, ಅಳುತ್ತ ಏನೇನೋ ಹೇಳುತ್ತಿದ್ದಾಳೆ. ಆ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಯಾವ ಭಾಷೆಯಾದರೇನು, ಉಪಕಾರ ನೆನೆಯುವ ದನಿ ಯಾರಿಗೆ ತಿಳಿಯುವುದಿಲ್ಲ? ವಾರ್ಡನ್ನಮ್ಮ ದೊಡ್ಡೋಳ ಕಡೆ ತಿರುಗಿದಳು.

"ಏನೇ ಹೇಳ್ದೆ ನೀನು ಇವರಿಗೆ?"

ದೊಡ್ಡೋಳು ಕಿಟಕಿಯ ಕಡೆ ತಿರುಗಿಕೊಂಡಳು. ವಾರ್ಡನ್ನಮ್ಮ ತಾಯಿಯ ಹಿಡಿತದಿಂದ ಕೈ ಬಿಡಿಸಿಕೊಳ್ಳಲು ನೋಡಿದಳು, ತಲೆಯಾಡಿಸಿದಳು, ಎದೆ ಎದೆ ಬಡಿದುಕೊಂಡು ನಾನು, ನಾನು ಅಂದಳು. ತಾಯಿ ಇನ್ನಷ್ಟು ಅತ್ತು ಅವಳನ್ನು ತಬ್ಬಿಕೊಂಡಳು. ಎದೆ ಬಡಿದುಕೊಳ್ಳುವ ಹೆಂಗಸನ್ನು ಕಂಡರೆ ಯಾವ ತಾಯಿಯಾದರೂ ಇನ್ನೇನು ತಿಳಿದಾಳು, ತನ್ನ ಮಗಳಿಗಾಗಿ ಅಳುತ್ತಿದ್ದಾಳೆ ಅಂತಲೇ ತಾನೇ. ಅಷ್ಟರಲ್ಲಿ ಕೆಳಗಿಂದ ಕೋಟು ಸಾಹೇಬರು, ಹೊತ್ತಾಯಿತು ಅಂತ ಹೇಳಿ ಕಳಿಸಿದರು.

ಸಂದರ್ಶಕರ ಕೋಣೆಯಲ್ಲಿ ಚಹಾ ಕೊಟ್ಟರು. ತಾಯಿ ಲೋಟ ಮುಟ್ಟಲಿಲ್ಲ. ಬಟ್ಟೆಯ ಚೀಲದಿಂದ ಒಂದು ಫೋಟೋ ತೆಗೆದು, ವಾರ್ಡನ್ನಮ್ಮನ ಕೈಗಿಟ್ಟು, ದೊಡ್ಡೋಳ ಕಡೆ ನೋಡುತ್ತ ಮಾತಾಡಿದಳು. ಫೋಟೋದಲ್ಲಿ ಎರಡು ಜಡೆಯ ಹುಡುಗಿ, ಚಿಕ್ಕೋಳದೇ ಹಣೆ, ಅದೇ ತುಟಿ.

ಇವಳು ಎರಡನೇ ಮಗಳಂತೆ, ಶಾಲೆ ಮುಗಿಯುತ್ತ ಬಂತಂತೆ ಅಂತ ದೊಡ್ಡೋಳು ಹೇಳತೊಡಗಿದಳು. ಅಲ್ಲಿ ಮುಂದೆ ಓದಲು ದಾರಿಯಿಲ್ಲ, ಗುಡ್ಡದ ಮೇಲೆ ಇದ್ದರೆ ತನ್ನ ಹಾಗೇ ಆಗುತ್ತಾಳೆ. ದೊಡ್ಡ ಮಗಳನ್ನು ದೇವರು ಕರೆದುಕೊಂಡ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಇಲ್ಲಿ ಇಂಥ ತಾಯಿ ಇದ್ದಾರೆ ಅಂತ ಕಣ್ಣಾರೆ ಕಂಡ ಮೇಲೆ ಧೈರ್ಯ ಬಂದಿದೆ. ಇವಳನ್ನೂ ಕಳಿಸಲಾ ಅಂತ ಕೇಳುತ್ತಿದ್ದಾರೆ.

ಕೋಟು ಸಾಹೇಬರ ಮುಖ ಅರಳಿತು. ಅಯ್ಯೋ ಅದಕ್ಕೇನು, ಅಕ್ಕನ ಜಾಗದಲ್ಲಿ ತಂಗಿ, ಪೂರ್ತಿ ಫೀಸು ಮನ್ನಾ, ಅಕ್ಕನ ಹೆಸರಲ್ಲೇ ಒಂದು ವಿದ್ಯಾರ್ಥಿವೇತನ ಶುರು ಮಾಡೋಣ ಅಂತ ಅಲ್ಲೇ ಘೋಷಿಸಿಬಿಟ್ಟರು.

ವಾರ್ಡನ್ನಮ್ಮ ಎದ್ದು ನಿಂತಳು. ಸಾಹೇಬರು ಅಲ್ಲೇ ಇದ್ದಾರೆ, ಇವಳ ಮಾತು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ, ಕ್ವಾರ್ಟರ್ಸು, ಗಂಡನ ಅಂಗಡಿ, ಎಲ್ಲಾ ಒಂದು ಸಲ ಕಣ್ಣೆದುರು ಬಂತು. ಬರಲಿ ಅಂದುಕೊಂಡಳು.

"ಕಳಿಸಬೇಡಿ," ಅಂದಳು, ತಾಯಿಯ ಕಣ್ಣಲ್ಲಿ ಕಣ್ಣಿಟ್ಟು. "ನಿಮ್ಮ ಕಾಲಿಗೆ ಬೀಳ್ತೀನಿ, ಆ ಮಗೂನ ಇಲ್ಲಿಗೆ ಕಳಿಸಬೇಡಿ. ದೊಡ್ಡೋಳೇ, ಇದೊಂದು ಮಾತು ಸರಿಯಾಗಿ ಹೇಳು. ನಿನಗೆ ಪುಣ್ಯ ಬರುತ್ತೆ."

ಕೋಟು ಸಾಹೇಬರ ಲೋಟ ಅರ್ಧಕ್ಕೇ ನಿಂತಿತು. ತಾಯಿ ಇವಳನ್ನೂ ಅವಳನ್ನೂ ನೋಡಿದಳು. ದೊಡ್ಡೋಳು ತುಟಿ ಒದ್ದೆ ಮಾಡಿಕೊಂಡು ಸಣ್ಣದೊಂದು ಮಾತು ಹೇಳಿದಳು. ಬಹಳ ಸಣ್ಣದು. ತಾಯಿ ಎದ್ದು ಬಂದು ವಾರ್ಡನ್ನಮ್ಮನ ಭುಜಕ್ಕೆ ತಲೆ ಆನಿಸಿ, ಅಷ್ಟು ದಿನದಲ್ಲಿ ಮೊದಲ ಸಲವೋ ಏನೋ, ಒಂದಿಷ್ಟು ಹಗುರಾದ ಹಾಗೆ ಉಸಿರು ಬಿಟ್ಟಳು. ಫೋಟೋ ವಾಪಸು ತೆಗೆದುಕೊಳ್ಳಲಿಲ್ಲ. ಸಾಹೇಬರು ಚಹಾ ಮುಗಿಸಿ, ಪಾಪ, ವಾರ್ಡನ್ನಮ್ಮ ದುಃಖದಲ್ಲಿ ಬಾಯಿಗೆ ಬಂದದ್ದು ಮಾತಾಡುತ್ತಾರೆ ಅಂತ ಯಾರಿಗೆಂದಿಲ್ಲದೆ ಹೇಳಿ ಕಾರಿನ ಬಾಗಿಲು ತೆಗೆಸಿದರು.

ಕಾರು ಹೋಯಿತು. ಹಾಸ್ಟೆಲಿನ ಅಂಗಳದಲ್ಲಿ ಇಬ್ಬರೇ ಉಳಿದರು. ವಾರ್ಡನ್ನಮ್ಮ ದೊಡ್ಡೋಳ ರಟ್ಟೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಹೊಡೆಯಬೇಕೆಂದೇ ಕೈ ಎತ್ತಿದ್ದಳು.

"ಮೇಲೆ ರೂಮಲ್ಲಿ ಏನಂದೆ?"

"ನೀವು ರಾತ್ರಿಯೆಲ್ಲ ಅವಳನ್ನ ತೊಡೆ ಮೇಲೆ ಮಲಗಿಸ್ಕೊಂಡಿದ್ರಿ ಅಂದೆ. ಕೈಯಾರೆ ಗಂಜಿ ಕುಡಿಸಿದ್ರಿ ಅಂದೆ."

"ನಾನು ಹೇಳಿದ್ದು ಅದಲ್ಲ."

"ನೀವು ಹೇಳಿದ್ದನ್ನ ನಾನು ಹೇಗೆ ಹೇಳ್ಲಿ ಅಮ್ಮ? ಈ ಸಲ ರಜೆಗೆ ಹೋಗಿದ್ದೆನಲ್ಲ, ಊರಿಂದ ವಾಪಸು ಹೊರಡೋವಾಗ ಅವರು ಇವಳ ಕೈಯನ್ನ ನನ್ನ ಕೈಗೆ ಕೊಟ್ಟು ಕಳಿಸಿದ್ದು. ಮೆಟ್ಟಿಲ ಹತ್ತಿರ ಇವಳು ನಿಂತುಬಿಟ್ಟಾಗ ಎಳ್ಕೊಂಡು ಓಡಿದ್ದು ನಾನು. ನೀವು ಕಂಡಿಲ್ಲ. ಬೇಗ ಬಾ, ಬೈತಾರೆ ಅಂತ ಎಳ್ದೆ."

ಎತ್ತಿದ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು, ಯಾರೋ ಬೈದರು.

"ಕೆಳಗೆ? ಕೆಳಗೆ ಏನು ಹೇಳ್ದೆ?"

"ಬರ್ಲಿ ಅಂದೆ."

"ಯಾಕೆ ಮಗಾ?"

ದೊಡ್ಡೋಳು ರಟ್ಟೆ ಬಿಡಿಸಿಕೊಳ್ಳಲಿಲ್ಲ. ಅವಳಿಗೂ ಇನ್ನೂ ಇಪ್ಪತ್ತೇ. ಆದರೂ ಮುಖ ಆ ತಾಯಿಯ ಮುಖದ ಹಾಗೆ ಒಣಗಿತ್ತು.

"ಅವಳು ಹೋದ ಮೇಲೆ ನಾನು ಇನ್ನೊಬ್ಬರ ಜೊತೆ ನಮ್ಮ ಭಾಷೆ ಆಡಿದ್ದು ಇವತ್ತೇ ಅಮ್ಮ. ರಾತ್ರಿ ಒಬ್ಬಳೇ ಗೋಡೆ ಜೊತೆ ಮಾತಾಡ್ತೀನಿ. ಹುಚ್ಚು ಹಿಡಿಯುತ್ತೆ ನಂಗೆ." ಆಮೇಲೆ, ತಂಗಿ ಬಂದರೆ ನನ್ನ ರೂಮಿಗೇ ಹಾಕ್ತೀರಲ್ಲ ಅಂತ ಕೇಳಿದಳು.

ಬೈಯಲು ವಾರ್ಡನ್ನಮ್ಮನ ಹತ್ತಿರ ನೂರು ಮಾತಿದ್ದವು. ಮೂವತ್ತು ವರ್ಷ ಹುಡುಗಿಯರನ್ನು ಗದರಿದ ಗಂಟಲು.  ಎತ್ತಿದ್ದ ಕೈಯಲ್ಲಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಯಾರೋ ಬೇರೆಯವರು ಹೇಳಿದಂತೆ ತನ್ನ ದನಿಯನ್ನು ತಾನೇ ಕೇಳಿಸಿಕೊಂಡಳು.

"ಹೂಂ. ಹಾಕ್ತೀನಿ."